ಗಾಡ್ಜಿಲ್ಲಾ ನೋಡಿ ಮೌನವಾದವರು, ನಕ್ಕವರು: ಅರ್ಥ ಬದಲಾದದ್ದು ಎಲ್ಲಿ?

ಪ್ರಶ್ನೆ: ಸಂಜೆಮಲ್ಲಿಗೆ

ನಮ್ಮ ಊರಿನ ಚಿತ್ರಸಮಾಜದಲ್ಲಿ ಮುಂದಿನ ತಿಂಗಳು 1954ರ ಜಪಾನೀ ‘ಗಾಡ್ಜಿಲ್ಲಾ’ ಚಿತ್ರವನ್ನು ತೋರಿಸಲಿದ್ದೇವೆ. ಪ್ರದರ್ಶನಕ್ಕೆ ಮುನ್ನ ಓದಬೇಕಾದ ಟಿಪ್ಪಣಿಯ ಹೊಣೆ ನನ್ನ ಪಾಲಿಗೆ ಬಂದಿದೆ. ಇಷಿರೊ ಹೋಂಡಾ ನಿರ್ದೇಶಿಸಿದ ಆ ಕಪ್ಪು ಬಿಳುಪು ಚಿತ್ರದಲ್ಲಿ ನಗುವಂಥದ್ದು ನನಗೆ ಏನೂ ಕಾಣಲಿಲ್ಲ. ಉರಿಯುವ ನಗರ, ಗಾಯಾಳುಗಳಿಂದ ತುಂಬಿದ ಆಸ್ಪತ್ರೆ, ಶಾಂತಿಗಾಗಿ ಹಾಡುವ ಶಾಲಾ ಬಾಲಕಿಯರು, ಕೊನೆಗೆ ತಾನು ಕಂಡುಹಿಡಿದ ಅಸ್ತ್ರದೊಡನೆ ತಾನೂ ಸಮುದ್ರದ ತಳದಲ್ಲಿ ಉಳಿದುಬಿಡುವ ವಿಜ್ಞಾನಿ, ಹೀಗೆ ಇಡೀ ಚಿತ್ರಕ್ಕೆ ಸೂತಕದ ಛಾಯೆಯಿದೆ. ಆದರೆ ನಗರವನ್ನು ಸುಡುವ ಗಾಡ್ಜಿಲ್ಲಾ ಎಂಬ ಇದೇ ದೈತ್ಯ ಪ್ರಾಣಿಯ ಬಗ್ಗೆ ಅಮೆರಿಕದವರು ಬರೆದದ್ದನ್ನು ಓದಿದರೆ ರಬ್ಬರಿನ ವೇಷ, ತುಟಿಗೆ ಹೊಂದದ ಡಬ್ಬಿಂಗ್, ಬಾಲ್ಯದ ರಜಾದಿನಗಳ ಟಿವಿ ಇವೇ ಎದುರಾಗುತ್ತವೆ.

ಈ ಅಂತರಕ್ಕೆ ನೋಡುವವರ ಸಂಸ್ಕೃತಿ ಕಾರಣವೇ, ಅಥವಾ ಅವರು ನೋಡಿದ ಚಿತ್ರವೇ ಬೇರೆಯಾಗಿತ್ತೇ? ತಿಳಿದವರು ದಯವಿಟ್ಟು ಉದಾಹರಣೆ ಸಹಿತ ಹೇಳಬೇಕಾಗಿ ಕೋರುತ್ತೇನೆ.

ಉತ್ತರ: ಹಳೆ ರೀಲು

ತಾವು ಎರಡನೆಯದಾಗಿ ಹೇಳಿದ ಸಾಧ್ಯತೆಯಿಂದಲೇ ತೊಡಗುತ್ತೇನೆ, ಏಕೆಂದರೆ ಅದನ್ನು ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಪರಿಶೀಲಿಸಬಹುದು. ಜಪಾನೀ ಮೂಲ 96 ನಿಮಿಷಗಳದ್ದು. 1956ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಪ್ರತಿ ಸುಮಾರು 80 ನಿಮಿಷಗಳದ್ದು, ಅದರಲ್ಲಿಯೂ ಒಂದು ಭಾಗವನ್ನು ಅಮೆರಿಕದಲ್ಲಿಯೇ ಹೊಸದಾಗಿ ಚಿತ್ರಿಸಿ ಸೇರಿಸಲಾಗಿದೆ. ರೇಮಂಡ್ ಬರ್ ಎಂಬ ನಟ ಅಮೆರಿಕನ್ ವರದಿಗಾರನಾಗಿ ಬಂದು ಟೋಕಿಯೊದ ನಾಶವನ್ನು ನಮಗೆ ವಿವರಿಸುತ್ತಾ ಹೋಗುತ್ತಾನೆ. ಒಳಗಿನವರ ನೋವಾಗಿದ್ದದ್ದು ಹೊರಗಿನವನೊಬ್ಬ ಕಂಡ ವರದಿಯಾಯಿತು. ಅಮೆರಿಕದ ಚಿತ್ರಮಂದಿರಗಳಲ್ಲಿ ಜಪಾನೀ ಮೂಲ ಸರಿಯಾಗಿ ತೆರೆಕಂಡದ್ದು 2004ರಲ್ಲಿ, ಅಂದರೆ ಚಿತ್ರ ತಯಾರಾಗಿ ಅರ್ಧ ಶತಮಾನ ಕಳೆದ ಮೇಲೆ.

ಹೋದದ್ದು ಏನು ಎಂಬುದಕ್ಕೆ ಒಂದು ಚಿಕ್ಕ ದೃಶ್ಯ ಸಾಕು. ನಗರದ ರೈಲಿನಲ್ಲಿ ಪತ್ರಿಕೆ ಹಿಡಿದ ಯುವತಿಯೊಬ್ಬಳು ವಿಕಿರಣ ತಗುಲಿದ ಟ್ಯೂನಾ ಮೀನು, ವಿಕಿರಣದ ಮಳೆ, ಇವು ಸಾಲದೆಂಬಂತೆ ಈಗ ಗಾಡ್ಜಿಲ್ಲಾ ಎಂದು ಬೇಸರಪಟ್ಟುಕೊಳ್ಳುತ್ತಾಳೆ. ನಾಗಸಾಕಿಯಿಂದ ಹೇಗೋ ಜೀವ ಉಳಿಸಿಕೊಂಡು ಬಂದವಳು ತಾನು ಎಂದೂ ಹೇಳುತ್ತಾಳೆ. ಜೊತೆಯಲ್ಲಿದ್ದವನು ಮತ್ತೆ ಊರು ಬಿಟ್ಟು ಓಡಬೇಕೇ ಎಂದು ಗೊಣಗುತ್ತಾನೆ. ಸಂಬಳ ತಡವಾದ ಬಗ್ಗೆ ಮಾತನಾಡುವಷ್ಟೇ ಸಹಜವಾಗಿ ಅವರು ಇದನ್ನೆಲ್ಲ ಆಡಿಕೊಳ್ಳುತ್ತಾರೆ. ಅಮೆರಿಕದ ಪ್ರತಿಯಲ್ಲಿ ಈ ಮಾತುಕತೆಯೇ ಇಲ್ಲ. ಹೈಡ್ರೋಜನ್ ಬಾಂಬಿನ ಪ್ರಯೋಗದಿಂದ ಪ್ರಾಣಿ ಎದ್ದಿತು ಎಂಬ ವಿವರಣೆ ಉಳಿದಿದೆ, ಆದರೆ ಇಂಥ ಪ್ರಯೋಗಗಳು ಮುಂದುವರಿದರೆ ಇನ್ನೊಂದು ಗಾಡ್ಜಿಲ್ಲಾ ಬರಬಹುದು ಎಂದು ಕೊನೆಯಲ್ಲಿ ಚಿತ್ರದ ಹಿರಿಯ ವಿಜ್ಞಾನಿ ಡಾ. ಯಮಾನೆ ಆಡುವ ಮಾತು ಉಳಿದಿಲ್ಲ. ಅದರ ಸ್ಥಾನದಲ್ಲಿ, ಅಪಾಯ ಕಳೆಯಿತು, ಲೋಕ ಮತ್ತೆ ಬದುಕಬಹುದು ಎಂಬ ಸಮಾಧಾನವನ್ನು ವರದಿಗಾರ ಕೊಡುತ್ತಾನೆ.

ಜಪಾನಿನ ಪ್ರೇಕ್ಷಕರ ಮನಸ್ಸಿನಲ್ಲಿ ಆಗ ಏನಿತ್ತು ಎಂಬುದನ್ನೂ ತಮ್ಮ ಟಿಪ್ಪಣಿಯಲ್ಲಿ ಸೇರಿಸಿ. 1954ರ ಮಾರ್ಚ್ 1ರಂದು ಅಮೆರಿಕವು ಬಿಕಿನಿ ಹವಳದ್ವೀಪದಲ್ಲಿ 15 ಮೆಗಾಟನ್ ಶಕ್ತಿಯ ಹೈಡ್ರೋಜನ್ ಬಾಂಬನ್ನು ಸಿಡಿಸಿದಾಗ, ‘ದೈಗೊ ಫುಕುರ್ಯು ಮಾರು’ ಎಂಬ ಟ್ಯೂನಾ ಹಿಡಿಯುವ ದೋಣಿಯ ಮೇಲೆ ವಿಕಿರಣದ ಬೂದಿ ಸುರಿಯಿತು. ಅದರಲ್ಲಿದ್ದ 23 ಮಂದಿಯೂ ಅಸ್ವಸ್ಥರಾದರು. ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಚಿತ್ರ ಬಿಡುಗಡೆಯಾದದ್ದು ನವೆಂಬರ್ 3ರಂದು. ಚಿತ್ರದ ಮೊದಲ ದೃಶ್ಯದಲ್ಲಿ ಹಡಗಿನ ಅಟ್ಟದ ಮೇಲೆ ನಾವಿಕರು ಹಾಡು ಬಾರಿಸುತ್ತಾ ಕುಳಿತಿರುವಾಗ ಸಮುದ್ರವೇ ಬೆಳ್ಳಗೆ ಬೆಳಗಿ ಹಡಗು ಹೊತ್ತಿಕೊಳ್ಳುತ್ತದೆ. ಅದು ಯಾವ ದೋಣಿಯ ನೆನಪು ಎಂದು ಅಂದಿನ ಪ್ರೇಕ್ಷಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಉತ್ತರ: ಶರಾವತಿ ತೀರ

ಹಳೆ ರೀಲು ಅವರು ಕೊಟ್ಟ ವಿವರಗಳನ್ನು ಒಪ್ಪುತ್ತೇನೆ. ಆದರೆ ಎಲ್ಲ ಹೊಣೆಯನ್ನೂ ಅಮೆರಿಕದ ಕತ್ತರಿಯ ಮೇಲೆ ಹೊರಿಸಿದರೆ ಅರ್ಧ ಕಥೆ ಹೇಳಿದಂತಾಗುತ್ತದೆ. ಜಪಾನಿನೊಳಗೇ ಗಾಡ್ಜಿಲ್ಲಾಕ್ಕೆ ಒಂದೇ ಅರ್ಥವೆಂಬುದು ಎಂದೂ ಇರಲಿಲ್ಲ. 1954ರಲ್ಲಿ ಸುಮಾರು 96 ಲಕ್ಷ ಟಿಕೆಟ್‌ಗಳು ಮಾರಾಟವಾದವು ನಿಜ, ಆದರೆ ಮೀನುಗಾರರ ದುರಂತವನ್ನು ಹಣ ಮಾಡಲು ಬಳಸಿಕೊಂಡಿದ್ದಾರೆ ಎಂದು ಅಂದಿನ ಕೆಲವು ಜಪಾನೀ ವಿಮರ್ಶಕರೇ ಮುಖ ಸಿಂಡರಿಸಿದ್ದರು. ಜಪಾನಿನಲ್ಲಿ ಅದಕ್ಕಿಂತ ಹೆಚ್ಚು ಜನ ನೋಡಿದ್ದು 1962ರ ‘ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲ್ಲಾ’ವನ್ನು. ಔಷಧ ಕಂಪನಿಯೊಂದು ಟಿವಿ ಕಾರ್ಯಕ್ರಮದ ಪ್ರಚಾರಕ್ಕಾಗಿ ಕಿಂಗ್ ಕಾಂಗ್‌ನನ್ನು ಹಿಡಿದು ತರಿಸುವ ಆ ಚಿತ್ರ ಉದ್ದಕ್ಕೂ ಹಾಸ್ಯವೇ, ಅದರ ಟಿಕೆಟ್‌ಗಳು ಕೋಟಿ ದಾಟಿದವು. ಅರವತ್ತರ ದಶಕದ ಕೊನೆಯ ಹೊತ್ತಿಗೆ ಗಾಡ್ಜಿಲ್ಲಾ ಚಿತ್ರಗಳನ್ನು ತಯಾರಿಸಿದ ತೋಹೊ ಸಂಸ್ಥೆ ಶಾಲಾ ರಜೆಗಳಿಗೆಂದು ಮಕ್ಕಳ ಚಿತ್ರೋತ್ಸವಗಳನ್ನು ನಡೆಸಿ ಹಳೆಯ ಗಾಡ್ಜಿಲ್ಲಾಗಳನ್ನು ತಾನೇ ಕತ್ತರಿಸಿ ಚಿಕ್ಕದು ಮಾಡಿ ತೋರಿಸತೊಡಗಿತು. ನಗರವನ್ನು ಸುಟ್ಟ ಪ್ರಾಣಿ ಮಕ್ಕಳ ಮಿತ್ರನಾಗಿ, ಭೂಮಿಯ ಕಾವಲುಗಾರನಾಗಿ ಬದಲಾದದ್ದು ಟೋಕಿಯೊದಲ್ಲಿಯೇ.

ಆ ಮಕ್ಕಳ ಚಿತ್ರಗಳೂ ಪೊಳ್ಳಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. 1971ರ ‘ಗಾಡ್ಜಿಲ್ಲಾ ವರ್ಸಸ್ ಹೆಡೋರಾ’ದಲ್ಲಿ ಎದುರಾಳಿ ಕಾರ್ಖಾನೆಯ ಕೊಳಚೆಯಿಂದ ಹುಟ್ಟಿದ ರಾಡಿಯ ದೈತ್ಯ. ಮಿನಮಾಟಾದ ಪಾದರಸ ವಿಷ, ಯೊಕ್ಕಾಯ್ಚಿಯ ಕೆಟ್ಟ ಗಾಳಿ ಆಗ ಜಪಾನಿನಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದವು. ಹತ್ತು ವರ್ಷದ ಮಗುವಿಗೂ ಆ ಹೊಗೆಯ ಅರ್ಥ ತಿಳಿದಿತ್ತು. ಅದೇ ಚಿತ್ರವನ್ನು ಹೊರದೇಶದಲ್ಲಿ ನೋಡಿದವರಿಗೆ ವಿಚಿತ್ರ ಬಣ್ಣ, ವಿಚಿತ್ರ ಸಂಗೀತ ಮಾತ್ರ ಉಳಿಯಿತು.

ಕತ್ತರಿಯ ಮಾತೇ ಆದರೆ 1956ಕ್ಕಿಂತ ಕೆಟ್ಟ ಉದಾಹರಣೆ ಇನ್ನೊಂದಿದೆ. 1984ರಲ್ಲಿ ಜಪಾನಿನಲ್ಲಿ ಬಂದ ಗಾಡ್ಜಿಲ್ಲಾದಲ್ಲಿ ಅಣ್ವಸ್ತ್ರ ಬಳಸಲು ಒತ್ತಾಯಿಸುವ ಅಮೆರಿಕ, ಸೋವಿಯತ್ ಒಕ್ಕೂಟ ಎರಡನ್ನೂ ಜಪಾನಿನ ಪ್ರಧಾನಿ ನಿರಾಕರಿಸುತ್ತಾರೆ. ಟೋಕಿಯೊ ಬಂದರಿನ ಹಡಗಿನಲ್ಲಿ ಗಾಯಗೊಂಡ ಸೋವಿಯತ್ ಅಧಿಕಾರಿಯೊಬ್ಬ, ತಾನಾಗಿಯೇ ಚಾಲೂ ಆದ ಕ್ಷಿಪಣಿಯನ್ನು ತಡೆಯಲು ತೆವಳುತ್ತಾ ಹೋಗಿ ಪ್ರಾಣ ಬಿಡುತ್ತಾನೆ. ಮರುವರ್ಷ ಅಮೆರಿಕಕ್ಕೆ ಬಂದ ಪ್ರತಿಯಲ್ಲಿ ಅದೇ ದೃಶ್ಯವನ್ನು ಮರುಸಂಕಲಿಸಿ, ಅವನೇ ಬೇಕೆಂದು ಕ್ಷಿಪಣಿಯನ್ನು ಹಾರಿಸಿದಂತೆ ಮಾಡಿದರು. ಎರಡೂ ಬಣಗಳಿಂದ ದೂರ ನಿಂತು ಆಡಿದ ಮಾತು ಶೀತಲ ಸಮರದ ಒಂದು ಪಕ್ಷದ ಪ್ರಚಾರವಾಯಿತು. ಪಶ್ಚಿಮ ಜರ್ಮನಿಯಲ್ಲಂತೂ ವಿತರಕರು ತೋಹೊದ ಹಲವು ಚಿತ್ರಗಳ ಶೀರ್ಷಿಕೆಯಲ್ಲಿ ಸಂಬಂಧವೇ ಇಲ್ಲದ ಫ್ರಾಂಕೆನ್‌ಸ್ಟೈನನ ಹೆಸರನ್ನು ತುರುಕಿ ಮಾರಿದರು.

ಉತ್ತರ: ಒಸಾಕಾದ ಕನ್ನಡಿಗ

ಡಬ್ಬಿಂಗೂ ಇಲ್ಲದೆ, ಕತ್ತರಿಯೂ ಬೀಳದೆ ಒಂದೇ ಚಿತ್ರವನ್ನು ಇಬ್ಬರು ಬೇರೆ ಬೇರೆಯಾಗಿ ನೋಡುವುದುಂಟು. ಅದಕ್ಕೆ 2016ರ ‘ಶಿನ್ ಗಾಡ್ಜಿಲ್ಲಾ’ಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಹಿದೆಯಾಕಿ ಅನ್ನೊ ಮತ್ತು ಶಿಂಜಿ ಹಿಗುಚಿ ಮಾಡಿದ ಈ ಚಿತ್ರಕ್ಕೆ ಜಪಾನ್ ಅಕಾಡೆಮಿಯ ಶ್ರೇಷ್ಠ ಚಿತ್ರ ಪ್ರಶಸ್ತಿ ಬಂತು. ಅದರಲ್ಲಿ ದೈತ್ಯನಿಗಿಂತ ಹೆಚ್ಚು ಹೊತ್ತು ಕಾಣುವುದು ಸಭೆಗಳು. ಮಂತ್ರಿಗಳು ಒಂದು ಕೊಠಡಿಯಿಂದ ಇನ್ನೊಂದಕ್ಕೆ ಎದ್ದು ಹೋಗುತ್ತಾರೆ, ಪ್ರತಿಯೊಬ್ಬ ಅಧಿಕಾರಿಯ ಉದ್ದನೆಯ ಹುದ್ದೆಯ ಹೆಸರು ತೆರೆಯ ಮೇಲೆ ಮೂಡುತ್ತದೆ, ಯಾವ ಕಾನೂನಿನ ಯಾವ ಕಲಮಿನಡಿ ಗುಂಡು ಹಾರಿಸಬಹುದು ಎಂಬ ಚರ್ಚೆ ಮುಗಿಯುವುದರೊಳಗೆ ಪ್ರಾಣಿ ದಡ ಹತ್ತಿರುತ್ತದೆ. ನನ್ನ ಪರಿಚಯದ ವಿದೇಶೀಯರು ಇಲ್ಲಿ ಆಕಳಿಸಿದರು. ನನ್ನ ಜಪಾನೀ ಸಹೋದ್ಯೋಗಿಗಳು ಒಂದೊಂದು ದೃಶ್ಯವನ್ನೂ ಗುರುತಿಸುತ್ತಿದ್ದರು.

ಎರಡು ದೃಶ್ಯಗಳನ್ನು ಗಮನಿಸಿ. ಪ್ರಾಣಿ ಮೊದಲು ನಗರದೊಳಕ್ಕೆ ಬರುವುದು ಒಂದು ಕಿರುನದಿಯ ಮೂಲಕ. ಕಟ್ಟಿಹಾಕಿದ್ದ ದೋಣಿಗಳು ಒಂದರ ಮೇಲೊಂದು ಏರುತ್ತಾ ಸೇತುವೆಯ ಕಡೆಗೆ ಉರುಳಿಬರುತ್ತವೆ. ಅತ್ತ ಮಂತ್ರಿಮಂಡಲದವರು ಕೋಟು ಕಳಚಿ ನೀಲಿ ಬಣ್ಣದ ವಿಪತ್ತು ಸಮವಸ್ತ್ರ ಧರಿಸಿ ಪತ್ರಿಕಾಗೋಷ್ಠಿಗೆ ನಿಲ್ಲುತ್ತಾರೆ. 2011ರ ಮಾರ್ಚ್ 11ರ ಸುನಾಮಿಯನ್ನೂ, ಆನಂತರದ ವಾರಗಳಲ್ಲಿ ಫುಕುಶಿಮಾ ಅಣುಸ್ಥಾವರದ ಬಗ್ಗೆ ಅದೇ ನೀಲಿ ಅಂಗಿಯಲ್ಲಿ ವಿವರಣೆ ಕೊಡುತ್ತಿದ್ದ ಸರ್ಕಾರವನ್ನೂ ಟಿವಿಯಲ್ಲಿ ಕಂಡವರಿಗೆ ಇದು ಕಟ್ಟುಕಥೆಯಾಗಿ ಕಾಣುವುದು ಕಷ್ಟ. ಸಂಸ್ಕೃತಿ ಎಂಬ ದೊಡ್ಡ ಮಾತಿಗಿಂತ ನೋಡುವವನು ಯಾವ ಸುದ್ದಿ ನೋಡಿ ಬಂದಿದ್ದಾನೆ ಎಂಬುದು ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ ಎಂದು ನನ್ನ ಅಭಿಪ್ರಾಯ.

ಉತ್ತರ: ಶರಾವತಿ ತೀರ

ಒಸಾಕಾದ ಕನ್ನಡಿಗ ಅವರ ಮಾತು ಸರಿ, ಆದರೆ ಅದಕ್ಕೆ ಪೂರ್ವ ಏಷ್ಯಾದ ಉಳಿದ ದೇಶಗಳನ್ನೂ ಸೇರಿಸಿಕೊಳ್ಳಬೇಕು. ಅಲ್ಲಿನವರಿಗೆ ಇದ್ದದ್ದು ಜಪಾನಿನ ನೋವಿನ ನೆನಪಲ್ಲ, ಜಪಾನಿನಿಂದ ಆದ ನೋವಿನ ನೆನಪು. 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾದ ದಕ್ಷಿಣ ಭಾಗದಲ್ಲಿ 1998ರವರೆಗೂ ಜಪಾನೀ ಚಿತ್ರಗಳ ಪ್ರದರ್ಶನಕ್ಕೆ ನಿಷೇಧವಿತ್ತು. ಅವರು ತಮ್ಮದೇ ದೈತ್ಯರನ್ನು ಸೃಷ್ಟಿಸಿಕೊಂಡರು. ಬೊಂಗ್ ಜೂನ್ ಹೊ ಅವರ 2006ರ ‘ದಿ ಹೋಸ್ಟ್’ನಲ್ಲಿ ಸೋಲ್ ನಗರದ ಹಾನ್ ನದಿಯಿಂದ ಎದ್ದುಬರುವ ಪ್ರಾಣಿಯ ಮೂಲ ಅಮೆರಿಕದ ಸೇನಾ ನೆಲೆಯಿಂದ ಚರಂಡಿಗೆ ಸುರಿದ ರಾಸಾಯನಿಕ. 2000ದಲ್ಲಿ ಅಲ್ಲಿ ನಿಜವಾಗಿಯೂ ಅಂಥ ಪ್ರಕರಣ ನಡೆದಿತ್ತು.

ಜಪಾನಿನವರೂ ತಾವು ನಡೆಸಿದ ಯುದ್ಧದ ಪ್ರಶ್ನೆಯನ್ನು ಪೂರ್ತಿ ಮರೆತವರಲ್ಲ. 1954ರ ಚಿತ್ರದಲ್ಲಿ ಸಂಸತ್ ಭವನವನ್ನು ಕೆಡವುವ ಗಾಡ್ಜಿಲ್ಲಾ ಚಕ್ರವರ್ತಿಯ ಅರಮನೆಯನ್ನು ಮಾತ್ರ ಮುಟ್ಟದೆ ಬಳಸಿಕೊಂಡು ಹೋಗುವುದನ್ನು ಗಮನಿಸಿದ ವಿಮರ್ಶಕ ಸಬುರೊ ಕವಾಮೊಟೊ, ಆ ಪ್ರಾಣಿಯನ್ನು ಪೆಸಿಫಿಕ್ ಸಮುದ್ರದಲ್ಲಿ ಸತ್ತ ಜಪಾನೀ ಸೈನಿಕರ ಪ್ರೇತವೆಂದು ಓದಿದರು. ವಿಮರ್ಶಕ ನೊರಿಹಿರೊ ಕಾಟೊ ಈ ಎಳೆಯನ್ನು ಮುಂದುವರಿಸಿದರು. 2001ರ ಚಿತ್ರವೊಂದರಲ್ಲಿ ನಿರ್ದೇಶಕ ಶುಸುಕೆ ಕನೆಕೊ ಇದನ್ನು ಕಥೆಯೊಳಗೇ ತಂದರು. ಅಲ್ಲಿ ಗಾಡ್ಜಿಲ್ಲಾದ ಒಳಗಿರುವುದು ಪೆಸಿಫಿಕ್ ಯುದ್ಧದಲ್ಲಿ ಸತ್ತವರ ಆತ್ಮಗಳು, ತಮ್ಮನ್ನು ಮರೆತ ದೇಶದ ಮೇಲೆ ಅವುಗಳ ಸಿಟ್ಟು. ಇದರ ಪಕ್ಕದಲ್ಲಿಟ್ಟು ನೋಡಿದರೆ, ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಪಡೆದ 2023ರ ‘ಗಾಡ್ಜಿಲ್ಲಾ ಮೈನಸ್ ಒನ್’ ನನಗೆ ಸ್ವಲ್ಪ ಸುಲಭದ ದಾರಿ ಹಿಡಿದಂತೆ ಕಾಣುತ್ತದೆ. ಆತ್ಮಾಹುತಿ ವಿಮಾನದ ಚಾಲಕನೊಬ್ಬನ ಪಶ್ಚಾತ್ತಾಪವನ್ನು ಅದು ಮನಮುಟ್ಟುವಂತೆ ಹೇಳುತ್ತದೆ, ತನ್ನ ಪ್ರಜೆಗಳ ಪ್ರಾಣವನ್ನು ಅಗ್ಗವಾಗಿ ಕಂಡ ಸರ್ಕಾರವನ್ನು ನೇರವಾಗಿ ಟೀಕಿಸುತ್ತದೆ. ಆದರೆ ಆ ಸರ್ಕಾರ ಬೇರೆ ದೇಶದವರ ಪ್ರಾಣವನ್ನು ಹೇಗೆ ಕಂಡಿತ್ತು ಎಂಬ ಪ್ರಶ್ನೆಯ ಬಳಿಗೆ ಹೋಗುವುದಿಲ್ಲ.

ಪ್ರತಿಕ್ರಿಯೆ: ಸಂಜೆಮಲ್ಲಿಗೆ

ಎಲ್ಲರಿಗೂ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ನಮ್ಮ ಸಭಿಕರಲ್ಲಿ ಹೆಚ್ಚಿನವರಿಗೆ ಗಾಡ್ಜಿಲ್ಲಾ ಎಂದರೆ 1998ರ ಹಾಲಿವುಡ್ ಚಿತ್ರ. ಅವರಿಗೆ ಈ ವಿಷಯವನ್ನು ಹತ್ತಿರ ತರಲು ನಮ್ಮದೇ ಅನುಭವದ ಕೊಂಡಿ ಏನಾದರೂ ಇದೆಯೇ?

ಉತ್ತರ: ಕಾಳಿ ಕಣಿವೆ

ಎಳೆದು ತಂದು ಜೋಡಿಸುವುದು ಬೇಡ, ಇರುವ ಕೊಂಡಿಯನ್ನು ಹೇಳುತ್ತೇನೆ. 1966ರಲ್ಲಿ ಹಿಂದಿಯಲ್ಲಿ ‘ಗೊಗೋಲಾ’ ಎಂಬ ಅನುಕರಣೆ ಬಂದಿತ್ತು. ಅದು ನೆನಪಿನಲ್ಲಿ ಉಳಿಯುವಂಥದ್ದಾಗಲಿಲ್ಲ. 1998ರ ಹಾಲಿವುಡ್ ಚಿತ್ರವು ದೈತ್ಯನ ಹುಟ್ಟಿಗೆ ಪಾಲಿನೇಷ್ಯಾದ ಫ್ರೆಂಚ್ ಅಣುಪರೀಕ್ಷೆಗಳನ್ನು ಕಾರಣ ಮಾಡಿ, ಅಮೆರಿಕದ ಬಾಂಬನ್ನು ಮಾತಿನಿಂದಲೇ ಹೊರಗಿಟ್ಟಿತು. ಅದು ಅಮೆರಿಕದಲ್ಲಿ ತೆರೆಕಂಡದ್ದು ಮೇ 20ರಂದು; ನಮ್ಮ ಪೋಖರಣ್ ಸ್ಫೋಟಗಳು ನಡೆದದ್ದು ಅದೇ ತಿಂಗಳ 11 ಮತ್ತು 13ರಂದು. ಬಾಂಬಿನ ಸಂಭ್ರಮವೂ ಬಾಂಬಿನಿಂದ ಹುಟ್ಟಿದ ಪ್ರಾಣಿಯ ಪೋಸ್ಟರೂ ಸ್ವಲ್ಪ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಮ್ಮ ಮುಂದಿದ್ದರೂ ಎರಡನ್ನೂ ಕೂಡಿಸಿ ನೋಡುವ ಅಗತ್ಯ ನಮ್ಮಲ್ಲಿ ಬಹುಪಾಲು ಜನರಿಗೆ ಕಾಣಲಿಲ್ಲ.

ಕರ್ನಾಟಕದಲ್ಲಿ ಅಣುಭಯ ಇರಲಿಲ್ಲ ಎಂದಲ್ಲ. ಕೈಗಾ ಸ್ಥಾವರದ ವಿರುದ್ಧ ನಮ್ಮ ಜಿಲ್ಲೆಯಲ್ಲಿ ಚಳವಳಿ ನಡೆಯಿತು, ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೆ ಇಲ್ಲಿಂದ ನಿಂತು ಸೋತರು, 1994ರ ಮೇ ತಿಂಗಳಿನಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರ ಕಳಚಿಬಿತ್ತು. ಆ ಭಯ ನಮ್ಮಲ್ಲಿ ಭಾಷಣ, ಕರಪತ್ರ, ಪತ್ರಿಕಾ ಲೇಖನಗಳ ರೂಪ ತಾಳಿತು, ತೆರೆಯ ಮೇಲೆ ದೈತ್ಯನಾಗಿ ಬರಲಿಲ್ಲ. ಜಪಾನಿನಲ್ಲಿ ಎರಡೂ ಒಟ್ಟಿಗೆ ನಡೆದವು. ಗಾಡ್ಜಿಲ್ಲಾ ಬಂದ ವರ್ಷವೇ ಟೋಕಿಯೊದ ಸುಗಿನಾಮಿಯ ಗೃಹಿಣಿಯರು ಆರಂಭಿಸಿದ ಅಣುಪರೀಕ್ಷಾ ವಿರೋಧಿ ಸಹಿ ಸಂಗ್ರಹ ಮರುವರ್ಷದ ಹೊತ್ತಿಗೆ ಮೂರು ಕೋಟಿ ದಾಟಿತ್ತು. ಸಿನಿಮಾ ಟಿಕೆಟ್ ಕೊಂಡವರೂ ಸಹಿ ಹಾಕಿದವರೂ ಬಹುಮಟ್ಟಿಗೆ ಒಂದೇ ಜನ ಆಗಿರಬೇಕು ಎಂದು ನನ್ನ ಊಹೆ. ತಮ್ಮ ಸಭಿಕರ ಮುಂದೆ ಇದನ್ನು ಇಟ್ಟರೆ ಚರ್ಚೆ ತಾನಾಗಿ ಹುಟ್ಟುತ್ತದೆ.

ಉತ್ತರ: ಹಳೆ ರೀಲು

ಪ್ರದರ್ಶನದ ಬಗ್ಗೆ ಒಂದು ಸಲಹೆ. ಟಿಪ್ಪಣಿಯನ್ನು ಮೊಟಕುಗೊಳಿಸಿ, ಆ ಸಮಯದಲ್ಲಿ 1956ರ ಪ್ರತಿಯ ಮೊದಲ ಹತ್ತು ನಿಮಿಷಗಳನ್ನು ತೋರಿಸಿ. ಅದು ಆರಂಭವಾಗುವುದು ಹಡಗಿನಿಂದಲ್ಲ. ಪಾಳುಬಿದ್ದ ಟೋಕಿಯೊದಲ್ಲಿ ಗಾಯಗೊಂಡು ಬಿದ್ದಿರುವ ಅಮೆರಿಕನ್ ವರದಿಗಾರನ ದನಿಯಿಂದ. ನಂತರ 96 ನಿಮಿಷಗಳ ಮೂಲವನ್ನು ವಿರಾಮವಿಲ್ಲದೆ ತೋರಿಸಿ. ಎರಡೂ ಪ್ರತಿಗಳು ಡಿಸ್ಕ್‌ನಲ್ಲಿ ಒಟ್ಟಿಗೇ ಸಿಗುತ್ತವೆ, ಸಾರ್ವಜನಿಕ ಪ್ರದರ್ಶನದ ಅನುಮತಿಯನ್ನು ಮಾತ್ರ ಮುಂಚಿತವಾಗಿ ಪಡೆದುಕೊಳ್ಳಿ.