ಅಡ್ಡಹಲಗೆ ಓಲಾಡುತ್ತಿದೆ: ಪಿನ್ ರಂಧ್ರಗಳ ಜಿಗ್‌ನಲ್ಲಿ ತಪ್ಪೆಲ್ಲಿದೆ?

ಪ್ರಶ್ನೆ
ಅಡ್ಡಹಲಗೆಗಳ ಎತ್ತರವನ್ನು ಬೇಕಾದಂತೆ ಬದಲಿಸಿಕೊಳ್ಳಬಹುದಾದ ಕಪಾಟೊಂದನ್ನು ಮಾಡುತ್ತಿದ್ದೇನೆ. ಪಕ್ಕದ ಹಲಗೆಗಳು 18 ಮಿ.ಮೀ. ಪ್ಲೈವುಡ್, ಅಡ್ಡಹಲಗೆಯನ್ನು ಹೊರುವ ಪಿನ್‌ಗಳು 5 ಮಿ.ಮೀ. ಪಕ್ಕದ ಹಲಗೆಯಷ್ಟೇ ಉದ್ದದ 12 ಮಿ.ಮೀ. ದಪ್ಪದ ಪ್ಲೈವುಡ್ ಪಟ್ಟಿಯಲ್ಲಿ 32 ಮಿ.ಮೀ.ಗೊಂದರಂತೆ ರಂಧ್ರ ಕೊರೆದು, ಒಂದು ಅಂಚಿನ ಕೆಳಮುಖಕ್ಕೆ ತಡೆಪಟ್ಟಿ ಅಂಟಿಸಿ ಜಿಗ್ (ಡ್ರಿಲ್‌ಗೆ ದಾರಿ ತೋರುವ ಅಚ್ಚು) ಮಾಡಿಕೊಂಡೆ. ತಡೆಪಟ್ಟಿಯನ್ನು ಪಕ್ಕದ ಹಲಗೆಯ ಅಂಚಿಗೆ ಒತ್ತಿ ಹಿಡಿದರೆ ರಂಧ್ರಗಳ ಸಾಲು ಅಂಚಿನಿಂದ 37 ಮಿ.ಮೀ. ಒಳಗೆ ಬೀಳುತ್ತದೆ. ಆದರೆ ಅಡ್ಡಹಲಗೆ ಮೂರೇ ಪಿನ್‌ಗಳ ಮೇಲೆ ಕೂರುತ್ತಿದೆ. ನಾಲ್ಕನೆಯದರ ಮೇಲೆ ಸುಮಾರು 2 ಮಿ.ಮೀ. ಸಂದು ಉಳಿಯುತ್ತದೆ. ಯಾವ ಎತ್ತರದಲ್ಲಿಟ್ಟರೂ ಇದೇ ಕಥೆ. ಅಡ್ಡಹಲಗೆ ಬಾಗಿಲ್ಲವೆಂಬುದನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಖಚಿತಪಡಿಸಿಕೊಂಡಿದ್ದೇನೆ.

ಉತ್ತರ
ಎಲ್ಲ ಎತ್ತರದಲ್ಲೂ ಸಂದು ಒಂದೇ ಎಂದು ನೀವು ಬರೆದಿರುವುದೇ ಮುಖ್ಯ ಸುಳಿವು. ಡ್ರಿಲ್ ಓರೆಯಾಗಿದ್ದರೆ ಸಂದು ಒಂದೊಂದು ಕಡೆ ಒಂದೊಂದು ರೀತಿ ಇರುತ್ತಿತ್ತು. ಜಿಗ್‌ನ ರಂಧ್ರಗಳ ನಡುವಿನ ಅಂತರ ತಪ್ಪಿದ್ದರೂ ಎತ್ತರಕ್ಕೆ ತಕ್ಕಂತೆ ಅದು ಬದಲಾಗುತ್ತಿತ್ತು. ಹಾಗಾಗಿ ನನ್ನ ಅನುಮಾನವಿರುವುದು ಜಿಗ್‌ನ ತುದಿಗಳ ಮೇಲೆ.

ತಡೆಪಟ್ಟಿ ಒಂದೇ ಮುಖದಲ್ಲಿರುವುದರಿಂದ, ಎಡ ಹಲಗೆಯ ಮುಂದಿನ ಸಾಲಿಗೆ ಜಿಗ್‌ನ ‘ಕ’ ತುದಿಯನ್ನು ಕೆಳಗೆ ಮಾಡಿ ಹಿಡಿದವರು, ಹಿಂದಿನ ಸಾಲಿಗೆ ಅದನ್ನು ತಲೆಕೆಳಗಾಗಿ ತಿರುಗಿಸಿ ‘ಖ’ ತುದಿಯನ್ನು ಕೆಳಗೆ ತರಲೇಬೇಕಾಗುತ್ತದೆ. ಬಲ ಹಲಗೆಯಲ್ಲಿ ಇದು ತಿರುವುಮುರುವು. ತುದಿಯಿಂದ ಮೊದಲ ರಂಧ್ರದವರೆಗಿನ ಅಳತೆಯನ್ನು ಎರಡೂ ಕಡೆ ತೆಗೆದು ತಿಳಿಸುವಿರಾ?

ಪ್ರಶ್ನಿಸಿದವರು
‘ಕ’ ಕಡೆ 50 ಮಿ.ಮೀ., ‘ಖ’ ಕಡೆ 49 ಮಿ.ಮೀ. ಇದೆ. ಜಿಗ್ ತಿರುಗಿಸಿದ್ದೂ ನೀವು ಹೇಳಿದ ಹಾಗೆಯೇ. ಆದರೆ 1 ಮಿ.ಮೀ. ವ್ಯತ್ಯಾಸದಿಂದ 2 ಮಿ.ಮೀ. ಸಂದು ಹೇಗೆ ಬಂತು?

ಉತ್ತರ
ಎಡ ಮುಂದಿನ ಪಿನ್ ಮತ್ತು ಬಲ ಹಿಂದಿನ ಪಿನ್ 1 ಮಿ.ಮೀ. ಎತ್ತರದಲ್ಲಿವೆ, ಉಳಿದೆರಡು ತಗ್ಗಿನಲ್ಲಿವೆ. ಎತ್ತರದ ಎರಡರ ಮೇಲೆ ಅಡ್ಡಹಲಗೆ ತಕ್ಕಡಿಯಂತೆ ತೂಗುತ್ತದೆ. ತಗ್ಗಿನ ಒಂದು ಮೂಲೆಯನ್ನು ಪಿನ್ನಿಗೆ ತಾಗುವಂತೆ 1 ಮಿ.ಮೀ. ಒತ್ತಿದಾಗ ಎದುರಿನ ಮೂಲೆ ಅಷ್ಟೇ ಮೇಲೇಳುವುದರಿಂದ ಅಲ್ಲಿನ ಸಂದು ಇಮ್ಮಡಿಯಾಗುತ್ತದೆ. ಬಲಗಡೆಯ ಎರಡೂ ಸಾಲುಗಳು ಸಮನಾಗಿ ತಗ್ಗಿದ್ದಿದ್ದರೆ ಅಡ್ಡಹಲಗೆ ಒಂದು ಬದಿಗೆ ವಾಲುತ್ತಿತ್ತೇ ಹೊರತು ಓಲಾಡುತ್ತಿರಲಿಲ್ಲ.

ಕೊರೆದ ಹಲಗೆಗಳನ್ನು ಎಸೆಯಬೇಡಿ. ಪ್ರತಿ ಅಡ್ಡಹಲಗೆಯ ಅಡಿಯಲ್ಲಿ ಎಡ ಹಿಂದಿನ ಮತ್ತು ಬಲ ಮುಂದಿನ ಮೂಲೆಗಳಿಗೆ, ಪಿನ್ ತಾಗುವ ಜಾಗದಲ್ಲಿ, 1 ಮಿ.ಮೀ. ದಪ್ಪದ ಗಟ್ಟಿ ತುಂಡನ್ನು ಅಂಟಿಸಿದರೆ ಸಾಕು, ಎಲ್ಲ ಎತ್ತರದಲ್ಲೂ ಅದು ಸರಿಯಾಗಿ ಕೂರುತ್ತದೆ. ಒಂದೇ ಮೂಲೆಗೆ 2 ಮಿ.ಮೀ. ತುಂಡು ಕೊಟ್ಟರೆ ಓಲಾಟ ನಿಂತರೂ ಅಡ್ಡಹಲಗೆ ವಾಲಿಯೇ ಇರುತ್ತದೆ. ಒಂದು ಅನುಕೂಲವೂ ಇದೆ: ಅಡ್ಡಹಲಗೆಯ ಹಿಂಬದಿಯನ್ನು ಮುಂದಕ್ಕೆ ತಿರುಗಿಸಿ ಇಟ್ಟರೂ ತುಂಡುಗಳು ಅದೇ ಪಿನ್‌ಗಳ ಮೇಲೆ ಬರುತ್ತವೆ, ಮಗುಚಿ ಹಾಕಬಾರದು, ಅಷ್ಟೆ.

ಮುಂದಿನ ಕಪಾಟಿಗೆ ಮೊದಲು ತಡೆಪಟ್ಟಿಯನ್ನು ಬದಲಿಸಿ. ಅದು ಜಿಗ್‌ನ ಎರಡೂ ಮುಖಗಳಿಂದ ಹೊರಚಾಚಿರಲಿ. ಆಗ ಜಿಗ್ಗನ್ನು ಪುಸ್ತಕದ ಹಾಳೆಯಂತೆ ಮಗುಚಬಹುದು, ತುದಿಗಳು ಅದಲುಬದಲಾಗುವುದಿಲ್ಲ. ಒಂದು ತುದಿಗೆ ಎರಡೂ ಮುಖದಲ್ಲಿ ‘ಕೆಳಗೆ’ ಎಂದು ದೊಡ್ಡದಾಗಿ ಬರೆದಿಡಿ. ಪೆನ್ಸಿಲ್ ಗುರುತು ಮರದ ಪುಡಿಯಲ್ಲಿ ಕಾಣುವುದಿಲ್ಲವೆಂಬುದು ನನ್ನ ಅನುಭವ.

ಪ್ರಶ್ನಿಸಿದವರು
ಅಂಟಿಸಿದೆ, ಓಲಾಟ ನಿಂತಿತು. ರಂಧ್ರದ ಆಳದ ಗುರುತಿಗೆಂದು ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿದ್ದೆ, ಅದು ಜಾರುತ್ತಿತ್ತು.

ಉತ್ತರ
ಬಿಟ್‌ಗೆ ತಿರುಪಿನಿಂದ ಬಿಗಿಯುವ ಸ್ಟಾಪ್ ಕಾಲರ್ (ತಡೆಬಳೆ) ಹಾಕಿ. ಜಿಗ್‌ನ ದಪ್ಪ 12, ರಂಧ್ರದ ಆಳ 10. ಕಾಲರ್‌ನಿಂದ ಬಿಟ್‌ನ ತುದಿಯವರೆಗೆ 22 ಮಿ.ಮೀ. ಇಟ್ಟುಕೊಂಡರೆ 18 ಮಿ.ಮೀ. ಹಲಗೆಯ ಆಚೆ ಬದಿಗೆ ಬಿಟ್ ಹೊರಬರುವ ಭಯವಿಲ್ಲ.