ಅಯೋನೈಸರ್ ತಂದ ಮೇಲೂ ಮಾಸ್ಫೆಟ್ ಸಾಯುತ್ತಿವೆ, ತಲೆ ಕೆಟ್ಟಿದೆ

ಪೀಣ್ಯಬೆಂಚ್: ಚಿಕ್ಕ ಅಸೆಂಬ್ಲಿ ಶೆಡ್ ನಮ್ಮದು. ಎರಡು ವಾರದಿಂದ ಟೆಸ್ಟಿಂಗ್‌ನಲ್ಲಿ ಬೋರ್ಡ್ ಹೋಗುತ್ತಿವೆ. ಎಲ್ಲದರಲ್ಲೂ ಮಾಸ್ಫೆಟ್ (ಸ್ವಿಚ್ ಥರದ ಟ್ರಾನ್ಸಿಸ್ಟರ್) ಗೇಟ್-ಸೋರ್ಸ್ ಕಾಲು ಶಾರ್ಟ್. ಸ್ಟ್ಯಾಟಿಕ್ ಚಾರ್ಜಿನ ಮೇಲೇ ಅನುಮಾನ. ಆಂಟಿ-ಸ್ಟ್ಯಾಟಿಕ್ ಮ್ಯಾಟ್ ಇದೆ, ಮೈಯ ಚಾರ್ಜ್ ಅರ್ಥಿಗೆ ಇಳಿಸುವ ರಿಸ್ಟ್ ಸ್ಟ್ರಾಪ್ ಇದೆ, ಸಾಲ ಮಾಡಿ ಅಯಾನ್ ಊದಿ ಚಾರ್ಜ್ ಕಳೆಯುವ ಬೆಂಚ್ ಅಯೋನೈಸರ್ ಬೇರೆ ತಂದೆ. ಇನ್ನೇನು, ಹೋಮ ಮಾಡಿಸಬೇಕಾ?

ಹಳೇಸೋಲ್ಡರ್: ಫೆಬ್ರವರಿ ಅಲ್ವಾ. ಹ್ಯುಮಿಡಿಟಿ ಎಷ್ಟು?

ಪೀಣ್ಯಬೆಂಚ್: ಮಧ್ಯಾಹ್ನ ಶೇ. 28.

ಹಳೇಸೋಲ್ಡರ್: ಸಿಕ್ಕನಲ್ಲ ಕಳ್ಳ! ಒಣ ಗಾಳಿಯಲ್ಲೇ ಸ್ಟ್ಯಾಟಿಕ್ ಜಾಸ್ತಿ. ಹ್ಯುಮಿಡಿಫೈಯರ್ ತಗೊಳ್ಳಿ. 45ಕ್ಕೆ ಏರಿಸಿ, ಮುಗೀತು.

ಒಂದುಓಮ್: ಅದೊಂದನ್ನೇ ನಂಬಿ ಕೂರಬೇಡಿ. ಸ್ಟ್ರಾಪ್ ಕೈಗೆ ಹಾಕಿಕೊಂಡೇ ಅಳೆದಿದ್ದೀರಾ? 35 ಮೆಗಾಓಮ್ ಒಳಗಿರಬೇಕು.

ಹಳೇಸೋಲ್ಡರ್: ಸ್ಟ್ರಾಪಿನಲ್ಲಿರುವುದು 1 ಮೆಗಾಓಮ್ ರೀ. 35 ಎಲ್ಲಿಂದ ಬಂತು?

ಒಂದುಓಮ್: ಅದು ಕಾರ್ಡಿನ ರೆಸಿಸ್ಟರ್. ನಾನು ಹೇಳಿದ್ದು ಮೈ, ಬ್ಯಾಂಡ್, ಕಾರ್ಡ್ ಎಲ್ಲ ಸೇರಿ. ಸರಿಯಾಗಿ ಓದಿ.

ಹಳೇಸೋಲ್ಡರ್: 20 ವರ್ಷದಿಂದ ಬೆಂಚಿನಲ್ಲಿದ್ದೇನೆ. ನನಗೆ ಓದು ಕಲಿಸಬೇಡಿ.

ಸೂಜಿಮೊನೆ: ಜಗಳ ಆಮೇಲೆ ಆಡಿ. ಪೀಣ್ಯ ಅವರೇ, ಹತ್ತಿರ ಫ್ಯಾನ್ ಇದೆಯಾ?

ಪೀಣ್ಯಬೆಂಚ್: ಇಲ್ಲದೆ ಇರುತ್ತಾ? ಶೀಟ್ ಛಾವಣಿ. ಪಕ್ಕದಲ್ಲೇ ಪೆಡೆಸ್ಟಲ್ ಫ್ಯಾನ್. ಟೆಸ್ಟಿಂಗ್ ಮುಂಚೆ ಪ್ಲಾಸ್ಟಿಕ್ ಟ್ರೇಯಲ್ಲಿಟ್ಟು ಏರ್ ಗನ್ನಿನಲ್ಲಿ ಊದುತ್ತೇವೆ. ಎಲ್ಲ ಕಡೆ ಇರುವುದೇ ತಾನೇ.

ಸೂಜಿಮೊನೆ: ಇದನ್ನು ಮೊದಲೇ ಹೇಳಬಾರದಿತ್ತಾ! ಶುದ್ಧ ಗಾಳಿ ಸುಮ್ನೆ ಬೀಸಿದರೆ ಅಷ್ಟು ಚಾರ್ಜ್ ಆಗುವುದಿಲ್ಲ. ಗಾಳಿಯಲ್ಲಿನ ಧೂಳು, ಕಂಪ್ರೆಸರಿನ ನೀರು, ಎಣ್ಣೆ ಹನಿ ಬಡಿದಾಗ ಆಗುತ್ತದೆ. ಟ್ರೇ ಇನ್ಸುಲೇಟರ್, ಚಾರ್ಜ್ ಹರಿದು ಹೋಗುವುದಿಲ್ಲ, ಅದಕ್ಕೆ ಅರ್ಥ್ ಕೊಟ್ಟು ಪ್ರಯೋಜನವಿಲ್ಲ. ಅದರ ಮೇಲಿರುವ ಬೋರ್ಡನ್ನು ಸ್ಟ್ರಾಪ್ ಹಾಕಿದ ಕೈ ಮುಟ್ಟಿತೋ, ಠಪ್! ಎಷ್ಟೋ ಮಾಸ್ಫೆಟ್ ಗೇಟಿಗೆ 20 ವೋಲ್ಟೇ ಮಿತಿ. ಅಯಾನ್ ಹೋಗಿ ಆ ಚಾರ್ಜ್ ಕಳೆಯಬೇಕು, ಆದರೆ ಟ್ರೇ ಮುಟ್ಟುವ ಮುಂಚೆಯೇ ನಿಮ್ಮ ಪೆಡೆಸ್ಟಲ್ ಫ್ಯಾನ್ ಅಯಾನನ್ನು ಗೋಡೆಗೆ ಅಟ್ಟುತ್ತಿದೆ. ಫ್ಯಾನ್ ಆರಿಸಿ, ಟ್ರೇ ಚಾರ್ಜ್ ಅಳೆಯುವ ಫೀಲ್ಡ್ ಮೀಟರ್ ಹಿಡಿಯಿರಿ.

ಹಳೇಸೋಲ್ಡರ್: ಆದರೂ ಹ್ಯುಮಿಡಿಫೈಯರ್ ಬೇಕು.

ಟಾಪ್‌ಲೈನ್: ನಮ್ಮಲ್ಲಿ ಮೂರು ಓವರ್‌ಹೆಡ್ ಅಯೋನೈಸರ್, ಅವನ್ನು ಪರೀಕ್ಷಿಸುವ ಚಾರ್ಜ್ ಪ್ಲೇಟ್ ಮಾನಿಟರ್ ಕೂಡ ಇದೆ. ಫೋಟೋ ಹಾಕಲಾ?

ಸೂಜಿಮೊನೆ: ಹಾಕಿ. ಅಯೋನೈಸರಿನಲ್ಲಿ ಅಯಾನ್ ಹುಟ್ಟಿಸುವ ಸೂಜಿ ಒರೆಸಿ ಎಷ್ಟು ತಿಂಗಳಾಯಿತು ಅಂತಲೂ ಬರೆಯಿರಿ.

ಪೀಣ್ಯಬೆಂಚ್: ಮೀಟರ್ ಪಕ್ಕದ ಶೆಡ್ಡಿನಿಂದ ತಂದೆ. ಫ್ಯಾನ್ ತಿರುಗುವಾಗ ಊದಿದ ಟ್ರೇ 3 ಕಿಲೋವೋಲ್ಟ್, ಇಳಿಯುವುದೇ ಇಲ್ಲ. ಆರಿಸಿದರೆ ಹತ್ತು ಸೆಕೆಂಡಿಗೆ 100 ವೋಲ್ಟ್ ಒಳಗೆ. ಆದರೆ ಶೆಡ್ 34 ಡಿಗ್ರಿ. ಹುಡುಗರೆಲ್ಲ ಎದ್ದು ಹೊರಗೆ ನಿಂತಿದ್ದಾರೆ. ಫ್ಯಾನ್ ಎಲ್ಲಿಡಲಿ ಹೇಳಿ.