ಕಿಮ್ ಕರ್ದಾಶಿಯನ್‌ಗೆ 3 ವಾರದಲ್ಲಿ 7 ಕೆಜಿ, ನಮ್ಮಂಥವರಿಗೆ ತಿಂಗಳಿಗೆ ಎಷ್ಟು ಸಾಧ್ಯ?

ಸಂಪಿಗೆ_34:
2022ರಲ್ಲಿ ನ್ಯೂಯಾರ್ಕ್‌ನ ಫ್ಯಾಶನ್ ಸಮಾರಂಭ ಮೆಟ್ ಗಾಲಾಗೆ, ಹಳೇ ಹಾಲಿವುಡ್ ನಟಿ ಮರ್ಲಿನ್ ಮನ್ರೋ ಉಟ್ಟಿದ್ದ ಗೌನ್ ತೊಡೋಕೆ ಅಂತ ಅಮೆರಿಕದ ಟಿವಿ ತಾರೆ ಕಿಮ್ ಕರ್ದಾಶಿಯನ್ ಮೂರು ವಾರದಲ್ಲಿ 16 ಪೌಂಡ್, ಅಂದರೆ 7 ಕೆಜಿ ಚಿಲ್ಲರೆ ಇಳಿಸಿದರಂತೆ. ಅನ್ನ-ಬ್ರೆಡ್ ಥರದ್ದು, ಸಕ್ಕರೆ ಎರಡೂ ಬಂದ್, ದಿನಕ್ಕೆರಡು ಸಲ ಬೆವರಿಳಿಸುವ ಸೌನಾ ಸೂಟ್, ಜೊತೆಗೆ ಟ್ರೆಡ್‌ಮಿಲ್. ರೀಲ್ಸ್ ತುಂಬಾ ಈಗ ಅದೇ "21 ದಿನದ ಪ್ಲಾನ್" ಓಡಾಡ್ತಿದೆ. ನನಗೆ ವಯಸ್ಸು 34, ಎತ್ತರ 158 ಸೆಂ.ಮೀ., ತೂಕ 72 ಕೆಜಿ, ಕೂತು ಮಾಡುವ ಕೆಲಸ. ಶುಗರ್, ಥೈರಾಯ್ಡ್ ಎರಡೂ ನಾರ್ಮಲ್. ಮೊಟ್ಟೆ ತಿಂತೀನಿ, ಮಾಂಸ ಇಲ್ಲ. ಮನೆ ಅಡುಗೆಯಲ್ಲೇ ತಿಂಗಳಿಗೆ ಎಷ್ಟು ಇಳಿಸಬಹುದು? ಲೆಕ್ಕ ಹೇಗೆ ಹಾಕೋದು?

ತೂಕದಕಲ್ಲು:
ಮೊದಲು ಆ 7 ಕೆಜಿಯ ಲೆಕ್ಕ ನೋಡಿ ಮೇಡಂ. ಒಂದು ಕೆಜಿ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತೆ. ಇಳಿದದ್ದೆಲ್ಲ ಕೊಬ್ಬೇ ಆಗಿದ್ದರೆ ಮೂರು ವಾರಕ್ಕೆ 55,000 ಕ್ಯಾಲೊರಿ ಖೋತಾ ಆಗಬೇಕು, ದಿನಕ್ಕೆ 2,600ಕ್ಕಿಂತ ಜಾಸ್ತಿ. ಸಾಧಾರಣ ಮೈಕಟ್ಟಿನ ಹೆಂಗಸು ಇಡೀ ದಿನ ಖರ್ಚು ಮಾಡೋದೇ ಅಷ್ಟಿರಲ್ಲ. ಅಂದ ಮೇಲೆ ಅದರಲ್ಲಿ ದೊಡ್ಡ ಪಾಲು ನೀರು.

ಲಿವರ್, ಸ್ನಾಯು ಸೇರಿ 400-500 ಗ್ರಾಂ ಗ್ಲೈಕೋಜನ್, ಅಂದರೆ ದಾಸ್ತಾನು ಸಕ್ಕರೆ, ಇಟ್ಟುಕೊಂಡಿರುತ್ತವೆ. ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತೆ. ಅನ್ನ, ಮುದ್ದೆ, ಚಪಾತಿ ಪೂರ್ತಿ ಬಿಟ್ಟರೆ ಮೊದಲ ವಾರದಲ್ಲೇ ಒಂದೂವರೆ ಎರಡು ಕೆಜಿ ಹೀಗೆ ಹೋಗುತ್ತೆ. ಉಪ್ಪು ಕಮ್ಮಿಯಾದರೆ ಇನ್ನಷ್ಟು ನೀರು, ಹೊಟ್ಟೆ ಖಾಲಿ ಇದ್ದರೆ ಕರುಳಿನಲ್ಲಿರೋದರ ತೂಕ, ಸೌನಾ ಸೂಟಿನಿಂದ ಬರೀ ಬೆವರು. ಎರಡು ಊಟ ಅನ್ನ ಸಾರು ತಿಂದರೆ ಇದರಲ್ಲಿ ಬಹುಪಾಲು ವಾಪಸ್. ಅಂದಹಾಗೆ ಆ ಗೌನ್ ಅವರ ಮೈಮೇಲಿದ್ದದ್ದು ಮೆಟ್ಟಿಲು ಹತ್ತುವಷ್ಟು ಹೊತ್ತು ಮಾತ್ರ, ಆಮೇಲೆ ಅದರ ನಕಲು ತೊಟ್ಟರು. ಕೆಲವು ನಿಮಿಷದ ಕೆಲಸಕ್ಕೆ ಆ ಪ್ಲಾನ್ ಸಾಕಾಯಿತು. ನಿಮಗೆ ಬೇಕಿರೋದು ಅದಲ್ಲ.

ನಿಮ್ಮ ದೇಹ ದಿನಕ್ಕೆ ಎಷ್ಟು ಕ್ಯಾಲೊರಿ ಖರ್ಚು ಮಾಡುತ್ತೆ ಅನ್ನೋ ಲೆಕ್ಕ ಹೀಗೆ. ತೂಕ 72 × 10 = 720. ಎತ್ತರ 158 × 6.25 = 987. ಎರಡೂ ಕೂಡಿಸಿ, ವಯಸ್ಸು 34 × 5 = 170 ಕಳೆಯಿರಿ, ಹೆಂಗಸರಾದ್ದರಿಂದ ಇನ್ನೂ 161 ಕಳೆಯಿರಿ (ಗಂಡಸರಾದರೆ ಅದರ ಬದಲು 5 ಕೂಡಿಸಬೇಕು). ಉಳಿಯೋದು 1,376. ಸುಮ್ಮನೆ ಮಲಗಿದ್ದರೂ ಆಗುವ ಖರ್ಚು ಇದು. ಕೂತು ಕೆಲಸ ಮಾಡುವವರಿಗೆ 1.4ರಿಂದ ಗುಣಿಸಿದರೆ ಸುಮಾರು 1,900. ಇದರಲ್ಲಿ 400-450 ಕಡಿಮೆ ಮಾಡಿ 1,450-1,500ಕ್ಕೆ ನಿಲ್ಲಿಸಿದರೆ ವಾರಕ್ಕೆ 350-400 ಗ್ರಾಂ ಕೊಬ್ಬು ಹೋಗುತ್ತೆ. ತಿಂಗಳಿಗೆ ಒಂದೂವರೆ ಕೆಜಿ. ತೂಕ ಇಳಿದ ಹಾಗೆ ಖರ್ಚೂ ಇಳಿಯುತ್ತೆ, ಹಬ್ಬ ಮದುವೆ ನಡುವೆ ಬರುತ್ತವೆ, ಹಾಗಾಗಿ ಆರು ತಿಂಗಳಿಗೆ 5-7 ಕೆಜಿ ಅಂದುಕೊಳ್ಳಿ. ಇದಕ್ಕಿಂತ ಬೇಗ ಅಂತ ಯಾರಾದರೂ ಮಾತು ಕೊಟ್ಟರೆ, ಆ ದುಡ್ಡಲ್ಲಿ ಒಂದು ಅಡುಗೆ ತಕ್ಕಡಿ ತಗೊಳ್ಳಿ.

ಪಥ್ಯದಡಬ್ಬಿ:
ಲೆಕ್ಕ ಸರಿ ಇದೆ, ಅದನ್ನು ತಟ್ಟೆಗೆ ಇಳಿಸೋಣ. ತೂಕಗಳೆಲ್ಲ ಬೇಯಿಸುವ ಮುಂಚಿನವು.

ಬೆಳಿಗ್ಗೆ 50 ಗ್ರಾಂ ಹೆಸರುಬೇಳೆ ರುಬ್ಬಿ ಎರಡು ದೋಸೆ, ಒಂದು ಬೇಯಿಸಿದ ಮೊಟ್ಟೆ. ಮಧ್ಯಾಹ್ನ 70 ಗ್ರಾಂ ಹಿಟ್ಟಿನ ಒಂದು ಮುದ್ದೆ, 30 ಗ್ರಾಂ ಹುರುಳಿಕಾಳು ಅಥವಾ ಅವರೆಕಾಳಿನ ಸೊಪ್ಪು ಸಾರು, ಒಂದು ದೊಡ್ಡ ಬಟ್ಟಲು ತರಕಾರಿ ಪಲ್ಯ, 150 ಗ್ರಾಂ ಮೊಸರು. ಸಂಜೆ 30 ಗ್ರಾಂ ಹುರಿಗಡಲೆ. ರಾತ್ರಿ ತಲಾ 30 ಗ್ರಾಂ ಹಿಟ್ಟಿನ ಎರಡು ಚಪಾತಿ, 25 ಗ್ರಾಂ ಸೋಯಾ ಚಂಕ್ಸ್ ಹಾಕಿದ ತರಕಾರಿ ಸಾಗು. ದಿನಕ್ಕೆರಡು ಕಾಫಿ, ಸಕ್ಕರೆ ಇಲ್ಲದೆ, ಟೋನ್ಡ್ ಹಾಲು 100 ಎಂ.ಎಲ್.ನಂತೆ. ಇಡೀ ದಿನಕ್ಕೆ ಎಣ್ಣೆ ನಾಲ್ಕು ಟೀ ಚಮಚ, ತೆಂಗಿನತುರಿ ಒಂದು ದೊಡ್ಡ ಚಮಚ. ಒಟ್ಟು 1,500ರ ಆಸುಪಾಸು, ಪ್ರೋಟೀನ್ ಸುಮಾರು 70 ಗ್ರಾಂ. ಹಸಿವು ತಡೆಯೋಕೆ, ಸ್ನಾಯು ಉಳಿಸೋಕೆ ಈ ಪ್ರೋಟೀನೇ ಮುಖ್ಯ. ಬರೀ ಹಣ್ಣು, ಸೂಪು, ಜ್ಯೂಸ್‌ಗಳ ಪ್ಲಾನ್ ಸೋಲೋದು ಇಲ್ಲೇ.

ಅನ್ನ ಬಿಟ್ಟು ಮುದ್ದೆಗೆ ಬಂದರೆ ತಾನಾಗೇ ಇಳಿಯುತ್ತೆ ಅನ್ನೋದು ನಮ್ಮ ಕಡೆಯ ದೊಡ್ಡ ಭ್ರಮೆ. 100 ಗ್ರಾಂಗೆ ರಾಗಿ ಹಿಟ್ಟು 320, ಅಕ್ಕಿ 350. ದೊಡ್ಡ ಮುದ್ದೆ ಎರಡು ನುಂಗಿದರೆ ಅನ್ನಕ್ಕಿಂತ ಜಾಸ್ತಿಯೇ ಆಯಿತು. ಅನ್ನವೇ ಬೇಕು ಅಂದರೆ 60 ಗ್ರಾಂ ಅಕ್ಕಿಯಷ್ಟು ತಿನ್ನಿ, ಬೆಂದ ಮೇಲೆ 160-170 ಗ್ರಾಂ ಬರುತ್ತೆ.

ಇನ್ನೊಂದು ಎಚ್ಚರಿಕೆ, ಇದು ಓದುವ ಬೇರೆಯವರಿಗೂ. ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೊಳ್ಳೋರು ದಿಢೀರ್ ಅನ್ನ ಬಿಟ್ಟರೆ ಶುಗರ್ ಲೋ ಆಗುತ್ತೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ ತಗೊಳ್ಳೋರು ಅನ್ನ-ಚಪಾತಿ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನೋ ಕೀಟೋ ಪಥ್ಯ ಮಾಡಿದರೆ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು, ಮೀಟರಿನಲ್ಲಿ ಶುಗರ್ ಹೆಚ್ಚೇನೂ ಕಾಣದೇ ಇರಬಹುದು. ಡಾಕ್ಟರ್ ಮಾತ್ರೆ ಬದಲಿಸಿದ ಮೇಲೇ ಊಟ ಬದಲಿಸಿ. ಬೇಗ ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವೂ ಹೆಚ್ಚು.

ಡಂಬಲ್_ಧಾರವಾಡ:
ಅಕ್ಕಾರ, ಬರೇ ವಾಕಿಂಗ್ ನೆಚ್ಚಿಕೊಂಡ್ರ ಆಗಂಗಿಲ್ರಿ. ನಿಮ್ಮ ತೂಕಕ್ಕ ಅರ್ಧ ತಾಸು ಜೋರ ನಡದ್ರ ಹೆಚ್ಚಿಗಿ ಸುಡೋದು 100 ಕ್ಯಾಲೊರಿ ಅಷ್ಟ. ಒಂದ ದೊಡ್ಡ ಚಮಚಾ ಎಣ್ಣಿ ಅಂದ್ರ 120. ನಡೀರಿ, ಬಿಡಬ್ಯಾಡ್ರಿ, ಆದ್ರ ನಡದೇನಂತ ಮಿರ್ಚಿ ತಿನಬ್ಯಾಡ್ರಿ.

ವಾರಕ್ಕ ಮೂರ ದಿನ ಸ್ನಾಯು ಕೆಲಸ ಮಾಡ್ರಿ. ಕುರ್ಚಿ ಮ್ಯಾಲೆ ಕೂತು ಏಳೋದು, ಗ್ವಾಡಿಗೆ ಕೈ ಊರಿ ಪುಶ್-ಅಪ್, ಬ್ಯಾಗಿನ್ಯಾಗ 5 ಕೆಜಿ ಅಕ್ಕಿ ಇಟ್ಟು ಬಗ್ಗಿ ಹೊಟ್ಟಿ ಕಡೆ ಎಳೆಯೋದು. ಒಂದೊಂದು 10 ಸಲ, ಮೂರ ಸುತ್ತು, ನಡುವ ಒಂದೂವರಿ ನಿಮಿಷ ವಿಶ್ರಾಂತಿ. ಕಡೀಗೆ ಇನ್ನೂ ಎರಡ ಸಲ ಆಗತಿತ್ತು ಅನ್ನೂಮುಂದ ನಿಲ್ಲಸ್ರಿ. ಹತ್ತು ಹಗುರ ಆತಂದ್ರ 12 ಮಾಡ್ರಿ, ಆಮೇಲೆ ಬ್ಯಾಗಿಗೆ ಒಂದ ಕಿಲೋ ಹೆಚ್ಚಿಗಿ ಹಾಕ್ರಿ. ಶುರುವಾದ ವಾರ ಮೈ ನೋವಿಗೆ ಸ್ನಾಯುವಿನ್ಯಾಗ ನೀರು ನಿಂತು ಅರ್ಧಾ ಕಿಲೋ ಏರತೈತಿ. ಅದನ್ನ ನೋಡಿ ಬಿಟ್ಟ ಬಿಡೋರ ಭಾಳ ಮಂದಿ.

ಸಂಪಿಗೆ_34:
ತುಂಬಾ ಉಪಯೋಗವಾಯಿತು, ಎಲ್ಲರಿಗೂ ಥ್ಯಾಂಕ್ಸ್. ಎರಡು ಸಂದೇಹ. ಅಡುಗೆ ಅತ್ತೆಯವರದ್ದು, ಮನೇಲಿ ನಾಲ್ಕು ಜನ, ಒಗ್ಗರಣೆಗೆ ನನ್ನೊಬ್ಬಳ ಪಾಲು ಅಂತ ಚಮಚ ಎಣಿಸೋಕಾಗಲ್ಲ. ಇನ್ನೊಂದು, ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೇ ಕೂಡ ಕೊನೆಗೆ ತೂಕ ಇಳಿಸೋ ಔಷಧಿ ತಗೊಂಡರಂತೆ, ಹಾಗಿದ್ರೆ ತೂಕ ಇಳಿಸೋ ಈ ಇಂಜೆಕ್ಷನ್ನೇ ವಾಸಿ ಅಲ್ವಾ?

ತೂಕದಕಲ್ಲು:
ಓಪ್ರಾ ಒಳ್ಳೇ ಉದಾಹರಣೆ. 1988ರಲ್ಲಿ ಬರೀ ದ್ರವಾಹಾರದ ಮೇಲಿದ್ದು 67 ಪೌಂಡ್ ಇಳಿಸಿ, ಅಷ್ಟೇ ತೂಕದ ಕೊಬ್ಬನ್ನು ಗಾಡಿಯಲ್ಲಿಟ್ಟು ಟಿವಿ ವೇದಿಕೆಗೆ ಎಳೆದು ತಂದರು. ತೂಕ ವಾಪಸ್ ಬಂತು. 2023ರ ಡಿಸೆಂಬರ್‌ನಲ್ಲಿ ಔಷಧಿ ತಗೊಳ್ತಿದ್ದೀನಿ ಅಂತ ಅವರೇ ಹೇಳಿದರು. ದುಡ್ಡು, ಅಡುಗೆಯವರು, ಟ್ರೇನರ್ ಎಲ್ಲ ಇದ್ದವರ ಕಥೆಯೇ ಇದು. ಅಮೆರಿಕದ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರ 14 ಜನರನ್ನು ಆರು ವರ್ಷ ಬಿಟ್ಟು ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಸರಾಸರಿ 58 ಕೆಜಿ ಇಳಿಸಿದ್ದವರಿಗೆ 41 ಕೆಜಿ ಮರಳಿತ್ತು. ಸುಮ್ಮನಿರುವಾಗಿನ ದೇಹದ ಖರ್ಚು ಅವರ ಮೈತೂಕಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ 500 ಕ್ಯಾಲೊರಿ ಕಮ್ಮಿಯೇ ಇತ್ತು.

ಇಂಜೆಕ್ಷನ್ ಮೋಸ ಅಲ್ಲ, ಕೆಲಸ ಮಾಡುತ್ತೆ. ಹಸಿವು ತಗ್ಗಿಸುವ ಇಂಜೆಕ್ಷನ್ ಸೆಮಾಗ್ಲುಟೈಡ್‌ನ 2021ರ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ. 15ರಷ್ಟು ತೂಕ ಇಳಿದಿತ್ತು. ನಿಲ್ಲಿಸಿ ಒಂದು ವರ್ಷಕ್ಕೆ ಅದರಲ್ಲಿ ಮೂರನೇ ಎರಡು ಪಾಲು ವಾಪಸ್ ಬಂತು. ಹಾಗಾಗಿ ಬಿಪಿ ಮಾತ್ರೆಯ ಥರ ವರ್ಷಗಟ್ಟಲೆ ತಗೊಳ್ಳೋ ಲೆಕ್ಕ ಹಾಕಿಯೇ ಶುರು ಮಾಡಬೇಕು. ವಾಕರಿಕೆ, ಮಲಬದ್ಧತೆ ಸಾಮಾನ್ಯ. ಮಗುವಿನ ಯೋಚನೆ ಇದ್ದರೆ ಎರಡು ತಿಂಗಳು ಮುಂಚೆಯೇ ಬಿಡಬೇಕು. ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಬಿಎಂಐ ನಿಮ್ಮದು 28.8. ನಮ್ಮ ದೇಶದವರಿಗೆ 25 ದಾಟಿದರೇ ಬೊಜ್ಜು ಅನ್ನುತ್ತಾರೆ, ಆದರೆ ಬೇರೆ ಕಾಯಿಲೆ ಇಲ್ಲದ ನೀವು ಆರು ತಿಂಗಳು ತಟ್ಟೆಯನ್ನೇ ಸರಿಮಾಡಿ ನೋಡಿ ಅನ್ನೋದು ನನ್ನ ಅಭಿಪ್ರಾಯ. ಸಲೂನ್, ಜಿಮ್‌ನವರ ಕೈಯಲ್ಲಿ ಮಾತ್ರ ಚುಚ್ಚಿಸಿಕೊಳ್ಳಬೇಡಿ.

ಪಥ್ಯದಡಬ್ಬಿ:
ಎಣ್ಣೆಗೆ ಚಮಚ ಬೇಡ, ಪ್ಯಾಕೆಟ್ ಲೆಕ್ಕ ಇಡಿ. ಆ ನಾಲ್ಕು ಟೀ ಚಮಚದ ಲೆಕ್ಕಕ್ಕೆ ತಲೆಗೆ ದಿನಕ್ಕೆ ಸುಮಾರು 20 ಗ್ರಾಂ ಅಂದರೆ ನಾಲ್ಕು ಜನಕ್ಕೆ ತಿಂಗಳಿಗೆ 2.4 ಕೆಜಿ, ಲೀಟರಿನಲ್ಲಿ 2.6. ತುಪ್ಪ, ಬೆಣ್ಣೆ ಎಲ್ಲ ಇದರೊಳಗೇ. ಒಂದು ಲೀಟರ್ ಪ್ಯಾಕೆಟ್ ಒಡೆದ ದಿನ ಡಬ್ಬಿ ಮೇಲೆ ತಾರೀಕು ಬರೆಯಿರಿ. 11 ದಿನಕ್ಕೆ ಮೊದಲು ಮುಗಿದರೆ ಜಾಸ್ತಿಯಾಗ್ತಿದೆ ಅಂತಲೇ. ಅತ್ತೆಯವರ ಹತ್ತಿರ ಒಗ್ಗರಣೆ ವಿಷಯ ಎತ್ತೋದಕ್ಕಿಂತ ಪೂರಿ, ಬೋಂಡ ದಿನಗಳನ್ನು ಕಮ್ಮಿ ಮಾಡಿಸೋದು ಸುಲಭ.

ತೂಕ ನೋಡೋದು ಬೆಳಿಗ್ಗೆ, ಟಾಯ್ಲೆಟ್‌ಗೆ ಹೋಗಿ ಬಂದು, ಕಾಫಿಗೆ ಮುಂಚೆ. ಏಳು ದಿನದ್ದು ಬರೆದು ಸರಾಸರಿ ತೆಗೆಯಿರಿ. ಮುಟ್ಟಿನ ಹಿಂದುಮುಂದು ಒಂದೆರಡು ಕೆಜಿ ನೀರು ನಿಲ್ಲುತ್ತೆ, ಅದಕ್ಕೆ ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಿ. ಸೊಂಟದ ಅಳತೆ ಪಕ್ಕೆಲುಬಿನ ಕೆಳತುದಿ ಮತ್ತು ಸೊಂಟದ ಮೂಳೆಯ ಮೇಲ್ತುದಿಯ ಮಧ್ಯಕ್ಕೆ ಟೇಪ್ ಸುತ್ತಿ, ಉಸಿರು ಬಿಟ್ಟಾಗ. ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ನಾಲ್ಕು ವಾರವಾದರೂ ತೂಕ, ಸೊಂಟ ಎರಡೂ ಕದಲದಿದ್ದರೆ ಮುದ್ದೆ ಕಮ್ಮಿ ಮಾಡಬೇಡಿ. ಮೊದಲು ಮೂರು ದಿನ ಚಟ್ನಿಯ ಕಾಯಿ, ಕಡಲೇಬೀಜ, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ಭಾನುವಾರದ ಹೋಟೆಲ್ ಎಲ್ಲ ಬರೆದು ಇಲ್ಲೇ ಹಾಕಿ, ನೋಡೋಣ.